ಐಸೊಟ್ರೆಟಿನೊಯಿನ್ ಕೋರ್ಸ್ ಮುಗಿದರೂ ಮೊಡವೆ ಮತ್ತೆ ಯಾಕೆ ಬರುತ್ತದೆ?

ಮೊಡವೆಗೆ ಕ್ಯಾಪ್ಸೂಲ್ ನುಂಗುವುದು ಈಗ ಕಲಬುರಗಿಯ ಕಾಲೇಜು ಹುಡುಗ-ಹುಡುಗಿಯರಿಗೆ ಹೊಸ ಮಾತಲ್ಲ. ಹಾಸ್ಟೆಲಿನಲ್ಲಿ ಒಬ್ಬರ ಮುಖ ತಿಳಿಯಾದರೆ ಅದೇ ಸ್ಟ್ರಿಪ್ ಇನ್ನೊಬ್ಬರ ಕೈಗೆ ಬರುತ್ತದೆ. ಹಳೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಕೊಳ್ಳುವವರೂ ಇದ್ದಾರೆ. ನಾಲ್ಕಾರು ತಿಂಗಳು ಮುಖ ಚೊಕ್ಕವಾಗಿರುತ್ತದೆ. ಆಮೇಲೆ ಗದ್ದದ ಮೇಲೊಂದು, ಕೆನ್ನೆಯ ಮೇಲೆರಡು, ವರ್ಷ ತುಂಬುವುದರೊಳಗೆ ಮೊದಲಿನ ಹಾಗೇ. "ಗುಳಗಿ ಕೆಲಸಾನ ಮಾಡಲಿಲ್ಲ" ಎಂಬ ಮಾತು ಹುಟ್ಟುವುದು ಆಗ. ಗುಳಿಗೆ ಕೆಲಸ ಮಾಡಿರುತ್ತದೆ. ಅದರ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ, ಅಷ್ಟೇ.

ಈ ಕ್ಯಾಪ್ಸೂಲಿನೊಳಗೆ ಏನಿದೆ

ಐಸೊಟ್ರೆಟಿನೊಯಿನ್ ವಿಟಮಿನ್ ಎ ಕುಟುಂಬದ ಔಷಧಿ. ಈ ಕುಟುಂಬದ ಔಷಧಿಗಳನ್ನೆಲ್ಲ ಒಟ್ಟಾಗಿ ರೆಟಿನಾಯ್ಡ್ ಎನ್ನುತ್ತಾರೆ. ಕೆಲವನ್ನು ಹಚ್ಚುತ್ತಾರೆ, ಕೆಲವನ್ನು ನುಂಗುತ್ತಾರೆ. ಅಮೆರಿಕದಲ್ಲಿ ಇದಕ್ಕೆ 1982ರಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಬೇರೆ ಯಾವುದಕ್ಕೂ ಬಗ್ಗದ, ಗಂಟು ಗಂಟಾಗಿ ಏಳುವ ಮೊಡವೆಗೆ ಮಾತ್ರ. ನಮ್ಮಲ್ಲಿ 5ರಿಂದ 40 ಮಿಲಿಗ್ರಾಂವರೆಗಿನ ಕ್ಯಾಪ್ಸೂಲ್‌ಗಳು ಸಿಗುತ್ತವೆ. ಹೆಚ್ಚಾಗಿ ಬರೆಯುವುದು 10 ಮತ್ತು 20.

ಮೊಡವೆ ಏಳಲು ನಾಲ್ಕು ಸಂಗತಿ ಕೂಡಬೇಕು. ಚರ್ಮದ ಎಣ್ಣೆಗ್ರಂಥಿ ಅತಿಯಾಗಿ ಜಿಡ್ಡು ಸುರಿಸಬೇಕು. ಆ ಜಿಡ್ಡು ಹೊರಬರುವ ಕೂದಲಿನ ರಂಧ್ರದ ಬಾಯಿ ಸತ್ತ ಜೀವಕೋಶಗಳಿಂದ ಕಟ್ಟಿಕೊಳ್ಳಬೇಕು. ಒಳಗೆ ಕ್ಯುಟಿಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಹೆಚ್ಚಬೇಕು. ಕೊನೆಗೆ ಅಲ್ಲಿ ಉರಿಯೂತವಾಗಬೇಕು. ಹಚ್ಚುವ ಜೆಲ್, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್ ಗುಳಿಗೆ ಇವುಗಳಲ್ಲಿ ಒಂದೆರಡನ್ನು ಮಾತ್ರ ತಡೆಯುತ್ತವೆ. ಐಸೊಟ್ರೆಟಿನೊಯಿನ್ ನಾಲ್ಕನ್ನೂ ಮುಟ್ಟುತ್ತದೆ. ಮುಖ್ಯವಾಗಿ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಕೆಲವೇ ವಾರಗಳಲ್ಲಿ ಜಿಡ್ಡು ಶೇ. 90ರವರೆಗೂ ಇಳಿಯಬಹುದು. ತುಟಿ ಒಡೆಯುವುದು, ಮೂಗಿನ ಒಳಗೆ ಒಣಗುವುದೂ ಈ ಔಷಧಿಯಿಂದಲೇ. ಬ್ಯಾಕ್ಟೀರಿಯಾವನ್ನು ಇದು ನೇರವಾಗಿ ಕೊಲ್ಲುವುದಿಲ್ಲ. ತಿನ್ನಲು ಜಿಡ್ಡಿಲ್ಲದೆ ಅದು ತಾನಾಗಿ ಕಡಿಮೆಯಾಗುತ್ತದೆ.

ಗಾಣ ನಿಂತರೂ ಎತ್ತು ಅಲ್ಲೇ ಇದೆ

ಎಣ್ಣೆಗ್ರಂಥಿಯನ್ನು ಕುಸುಬಿ ಗಾಣ ಎಂದುಕೊಳ್ಳಿ. ಅದನ್ನು ತಿರುಗಿಸುವ ಎತ್ತು ಆಂಡ್ರೊಜೆನ್ ಎಂಬ ಹಾರ್ಮೋನ್. ಇದು ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ಕಡಿಮೆ, ಆದರೆ ಇಬ್ಬರಲ್ಲೂ ಇದೆ. ಕ್ಯಾಪ್ಸೂಲ್ ಗಾಣವನ್ನು ಕುಗ್ಗಿಸುತ್ತದೆ, ಎತ್ತಿನ ತಂಟೆಗೆ ಹೋಗುವುದಿಲ್ಲ. ಗ್ರಂಥಿಯ ಎಣ್ಣೆ ತುಂಬಿದ ಜೀವಕೋಶಗಳು ಸಾಯುತ್ತವೆ, ಅವುಗಳನ್ನು ಹುಟ್ಟಿಸುವ ಮೂಲಕೋಶಗಳು ಉಳಿಯುತ್ತವೆ. ಔಷಧಿ ನಿಂತಾಗ ಆ ಮೂಲಕೋಶಗಳಿಂದ ಗ್ರಂಥಿ ಮತ್ತೆ ಬೆಳೆಯುತ್ತದೆ.

ಐಸೊಟ್ರೆಟಿನೊಯಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 10ರಿಂದ 20 ಗಂಟೆ ಸಾಕು. ಅದು ಒಡೆದು ಆಗುವ ವಸ್ತುಗಳು ಸ್ವಲ್ಪ ಹೆಚ್ಚು ಕಾಲ ಇರುತ್ತವೆ, ಆದರೂ ಒಂದು ತಿಂಗಳಲ್ಲಿ ದೇಹ ಪೂರ್ತಿ ಖಾಲಿ. ಹಾಗಾದರೆ ಹೆಚ್ಚಿನವರ ಮುಖ ವರ್ಷಗಟ್ಟಲೆ ಚೊಕ್ಕವಾಗಿ ಉಳಿಯುವುದು ಹೇಗೆ? ಗ್ರಂಥಿ ಮರಳಿ ಬೆಳೆದರೂ ಸಾಮಾನ್ಯವಾಗಿ ಮೊದಲಿನ ಗಾತ್ರಕ್ಕೆ ಬರುವುದಿಲ್ಲ. ರಂಧ್ರದ ಬಾಯಿ ಕಟ್ಟಿಕೊಳ್ಳುವ ಚಾಳಿಯೂ ಬಿಟ್ಟಿರುತ್ತದೆ. ಅಷ್ಟರಲ್ಲಿ ವಯಸ್ಸೂ ಒಂದೆರಡು ವರ್ಷ ಮುಂದೆ ಹೋಗಿರುತ್ತದೆ. ಈ ಮೂರರಲ್ಲಿ ಯಾವುದು ಕೈಕೊಟ್ಟರೂ ಮೊಡವೆ ಮರಳಬಹುದು.

ಎಷ್ಟು ಜನರಿಗೆ ಮರಳುತ್ತದೆ ಎಂಬ ಲೆಕ್ಕ ಅಧ್ಯಯನದಿಂದ ಅಧ್ಯಯನಕ್ಕೆ ಬೇರೆ. ಅಮೆರಿಕದ ಸುಮಾರು 20 ಸಾವಿರ ರೋಗಿಗಳ ವಿಮಾ ದಾಖಲೆ ನೋಡಿ 2025ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶೇ. 22.5 ಜನರಿಗೆ ಮರಳಿತ್ತು, ಶೇ. 8ರಷ್ಟು ಜನರಿಗೆ ಎರಡನೇ ಸಲ ಇದೇ ಔಷಧಿ ಬೇಕಾಯಿತು. ಅಂದರೆ ಮೊಡವೆ ಮರಳಿದ್ದು ನಾಲ್ಕೈದು ಜನರಲ್ಲಿ ಒಬ್ಬರಿಗೆ. ಅವರಲ್ಲಿಯೂ ಬಹಳಷ್ಟು ಜನರಿಗೆ ಎರಡನೇ ಕೋರ್ಸ್ ಬೇಕಾಗಲಿಲ್ಲ.

ಒಟ್ಟು ಎಷ್ಟು ಮಿಲಿಗ್ರಾಂ ಹೊಟ್ಟೆಗೆ ಹೋಯಿತು?

ಮರಳಿದ ಮೊಡವೆಯ ಹಿಂದೆ ನೋಡಿದರೆ ಹೆಚ್ಚಾಗಿ ಸಿಗುವುದು ಅರ್ಧಕ್ಕೆ ಬಿಟ್ಟ ಕೋರ್ಸ್. ಇದನ್ನು ಅಳೆಯಲು ವೈದ್ಯರು ಒಟ್ಟು ಡೋಸ್ ನೋಡುತ್ತಾರೆ. ಮೊದಲ ದಿನದಿಂದ ಕೊನೆಯ ದಿನದವರೆಗೆ ನುಂಗಿದ ಮಿಲಿಗ್ರಾಂಗಳನ್ನು ಕೂಡಿಸಿ, ದೇಹದ ತೂಕದಿಂದ ಭಾಗಿಸಿದರೆ ಅದು ಬರುತ್ತದೆ. ತೀವ್ರ ಮೊಡವೆಗೆ ಬಹುಕಾಲದಿಂದ ಇಟ್ಟುಕೊಂಡಿರುವ ಗುರಿ ಪ್ರತಿ ಕಿಲೋ ತೂಕಕ್ಕೆ 120ರಿಂದ 150 ಮಿಲಿಗ್ರಾಂ.

50 ಕಿಲೋ ತೂಕದ ಹುಡುಗಿಗೆ 120ರ ಲೆಕ್ಕದಲ್ಲಿ ಬೇಕಾದದ್ದು 6,000 ಮಿಲಿಗ್ರಾಂ. ದಿನಕ್ಕೆ 20ರಂತೆ ತಿಂದರೆ 300 ದಿನ, ಅಂದರೆ ಹತ್ತು ತಿಂಗಳು. ಮೂರನೇ ತಿಂಗಳಿಗೆ ಮುಖ ಚೊಕ್ಕವಾಯಿತೆಂದು ಬಿಟ್ಟರೆ ಒಟ್ಟು 1,800 ಮಿಲಿಗ್ರಾಂ, ಕಿಲೋಗೆ 36. ಗುರಿಯ ಮೂರನೇ ಒಂದು ಪಾಲೂ ಆಗಲಿಲ್ಲ. 60 ಕಿಲೋ ಹುಡುಗನಿಗೆ 7,200 ಬೇಕು. ದಿನಕ್ಕೆ 40 ತಡೆದುಕೊಂಡರೆ ಆರು ತಿಂಗಳು, 20 ಆದರೆ ಒಂದು ವರ್ಷ, ದಿನ ಬಿಟ್ಟು ದಿನ 20 ಆದರೆ ಎರಡು ವರ್ಷ. ಈ ಲೆಕ್ಕವನ್ನು ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದಿಟ್ಟುಕೊಂಡವರು ಮಧ್ಯದಲ್ಲಿ ಬಿಡುವುದು ಕಡಿಮೆ.

ಎಲ್ಲರಿಗೂ 120 ಆಗಲೇಬೇಕು ಎಂದಲ್ಲ. ಸಾಧಾರಣ ಮೊಡವೆಗೆ ಕಡಿಮೆ ಡೋಸ್ ಸಾಕಾಗುತ್ತದೆ, ಒಣಗುವಿಕೆಯೂ ಕಡಿಮೆ. ಸಂಖ್ಯೆಗಿಂತ ಚರ್ಮವನ್ನು ನೋಡಿ ನಿಲ್ಲಿಸಬೇಕು ಎಂಬುದು ಈಗ ಹಲವು ವೈದ್ಯರ ರೂಢಿ: ಹೊಸ ಮೊಡವೆ ಪೂರ್ತಿ ನಿಂತ ಮೇಲೆ ಇನ್ನೂ ಒಂದೆರಡು ತಿಂಗಳು ಮುಂದುವರಿಸುವುದು. ಈ ಒಂದೆರಡು ತಿಂಗಳಿಗೆ ಕಾರಣವಿದೆ. ಇವತ್ತು ಕಾಣುವ ಮೊಡವೆ ಇವತ್ತು ಹುಟ್ಟಿದ್ದಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮ ಅಡಚಣೆಯಾಗಿ ಅದು ಸುಮಾರು ಎಂಟು ವಾರ ಒಳಗೇ ಇದ್ದಿರುತ್ತದೆ. ಕನ್ನಡಿಯಲ್ಲಿ ಮುಖ ಚೊಕ್ಕ ಕಂಡ ದಿನವೂ ಒಳಗೆ ಇಂಥವು ಉಳಿದಿರಬಹುದು. ನಿಲ್ಲಿಸಿದ ಆರೆಂಟು ವಾರಕ್ಕೇ ಮೊಡವೆ ಎದ್ದರೆ ಅದು ಮರಳಿದ್ದಲ್ಲ, ಮುಗಿಯದೇ ಉಳಿದದ್ದು. ನಿಜವಾಗಿ ಮರಳುವುದು ಹೆಚ್ಚಾಗಿ ಮೊದಲ ವರ್ಷ, ಒಂದೂವರೆ ವರ್ಷದೊಳಗೆ.

ಅರ್ಧಕ್ಕೆ ಬಿಡಿಸುವ ಇನ್ನೊಂದು ಸಂಗತಿ ಮೊದಲ ತಿಂಗಳಲ್ಲೇ ಇದೆ. ಕೆಲವರಿಗೆ ಆರಂಭದ ಮೂರ್ನಾಲ್ಕು ವಾರ ಮೊಡವೆ ಹೆಚ್ಚಾಗುತ್ತದೆ. ಮದುವೆ ಸೀಸನ್ನಿಗೆ ಮುಖ ಚಂದ ಆಗಲಿ ಎಂದು ಶುರು ಮಾಡಿದವರು ಇದನ್ನು ನೋಡಿ ಗಾಬರಿಯಾಗಿ ಸ್ಟ್ರಿಪ್ ಎಸೆಯುತ್ತಾರೆ. ಹೀಗಾದಾಗ ಡೋಸ್ ಇಳಿಸಿ, ಬೇಕಿದ್ದರೆ ಉರಿಯೂತಕ್ಕೆ ಬೇರೆ ಔಷಧಿ ಕೊಟ್ಟು ದಾಟಿಸುತ್ತಾರೆ. ತಾವಾಗಿ ಡಾಕ್ಸಿಸೈಕ್ಲಿನ್ ಸೇರಿಸಿಕೊಳ್ಳುವುದು ಅಪಾಯ: ಎರಡೂ ಕೂಡಿದರೆ ತಲೆಬುರುಡೆಯೊಳಗಿನ ಒತ್ತಡ ಏರಬಹುದು. ತಡೆಯಲಾಗದ ತಲೆನೋವು, ಮಸುಕು ನೋಟ ಅದರ ಲಕ್ಷಣ.

ಬರೀ ಚಹಾ ಜೊತೆ ನುಂಗಿದರೆ

ಲೆಕ್ಕದಲ್ಲಿ ಪೂರ್ತಿ ಡೋಸ್, ರಕ್ತದಲ್ಲಿ ಅರ್ಧ. ಇದೂ ಆಗುತ್ತದೆ. ಐಸೊಟ್ರೆಟಿನೊಯಿನ್ ಜಿಡ್ಡಿನಲ್ಲಿ ಕರಗುವ ವಸ್ತು. ಜಿಡ್ಡಿನ ಊಟದ ಜೊತೆ ತೆಗೆದುಕೊಂಡಾಗ ಎಷ್ಟು ಹೀರಿಕೆಯಾಗುತ್ತದೋ, ಖಾಲಿ ಹೊಟ್ಟೆಯಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಬೆಳಿಗ್ಗೆ ಬರೀ ಚಹಾ ಜೊತೆ ಆರು ತಿಂಗಳು ನುಂಗಿದವರು ನಿಜಕ್ಕೂ ಮೂರು ತಿಂಗಳಿನಷ್ಟನ್ನೇ ಪಡೆದಿರಬಹುದು.

ದಿನದ ಊಟಗಳಲ್ಲಿ ಯಾವುದರಲ್ಲಿ ಎಣ್ಣೆ ಹೆಚ್ಚೋ ಅದರ ನಡುವೆ ನುಂಗಬೇಕು. ನಮ್ಮ ಕಡೆ ಇದಕ್ಕೆ ಕಷ್ಟಪಡಬೇಕಾಗಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಎರಡು ಚಮಚ ಶೇಂಗಾ ಹಿಂಡಿ (ಚಟ್ನಿಪುಡಿ), ಗಟ್ಟಿ ಮೊಸರು ಇದ್ದರೆ ಆಯಿತು. ಶೇಂಗಾದ ತೂಕದ ಅರ್ಧದಷ್ಟು ಎಣ್ಣೆಯೇ, 30 ಗ್ರಾಂ ತಿಂದರೆ 15 ಗ್ರಾಂ ಸುಮಾರು ಜಿಡ್ಡು ಸಿಗುತ್ತದೆ. ಹಾಸ್ಟೆಲಿನ ತಿಳಿಸಾರು-ಅನ್ನದ ದಿನ ಒಂದು ಹಿಡಿ ಹುರಿದ ಶೇಂಗಾ ಸಾಕು. ರಂಜಾನ್ ಉಪವಾಸದಲ್ಲಿ ಇಫ್ತಾರ್ ನಂತರದ ಊಟದ ಜೊತೆ, ಶ್ರಾವಣ ಸೋಮವಾರ ಒಪ್ಪತ್ತು ಇದ್ದರೆ ಆ ಒಂದು ಊಟದ ಜೊತೆ ತೆಗೆದುಕೊಂಡರೆ ನಡೆಯುತ್ತದೆ. ಇಡೀ ದಿನದ್ದನ್ನು ಒಂದೇ ಸಲ ನುಂಗಲು ವೈದ್ಯರ ಒಪ್ಪಿಗೆ ಇರಲಿ.

ಇಟ್ಟುಕೊಳ್ಳುವುದೂ ಮುಖ್ಯ. ಸ್ಟ್ರಿಪ್ ಮೇಲೆ 25 ಅಥವಾ 30 ಡಿಗ್ರಿ ಮೀರದ, ಬೆಳಕು ಬೀಳದ ಜಾಗ ಎಂದು ಬರೆದಿರುತ್ತದೆ. ಏಪ್ರಿಲ್-ಮೇದಲ್ಲಿ ಕಲಬುರಗಿ 42-43 ಡಿಗ್ರಿ ಮುಟ್ಟುತ್ತದೆ. ಬೈಕಿನ ಡಿಕ್ಕಿಯಲ್ಲಿ, ಪತ್ರಾಸಿನ ಕೋಣೆಯ ಕಿಟಕಿಯಲ್ಲಿ ಇಟ್ಟರೆ ಮೆತ್ತನೆಯ ಕ್ಯಾಪ್ಸೂಲ್ ಅಂಟಿಕೊಂಡು ಸೋರುತ್ತದೆ. ಅಂಥದ್ದನ್ನು ನುಂಗಬಾರದು.

ಎತ್ತು ಜೋರಾಗಿರುವವರು

ಹದಿನಾರರ ಒಳಗೆ ಕೋರ್ಸ್ ಮಾಡಿದ ಹುಡುಗರಲ್ಲಿ ಮರಳುವುದು ಹೆಚ್ಚು. ಹಾರ್ಮೋನ್ ಇನ್ನೂ ಏರುತ್ತಲೇ ಇರುತ್ತದೆ. ಎದೆ-ಬೆನ್ನಿನ ಮೇಲೆ ದಟ್ಟವಾಗಿ ಇದ್ದವರಲ್ಲೂ ಹಾಗೆಯೇ. ಮುಚ್ಚಿದ ದೊಡ್ಡ ಬಿಳಿ ಗುಳ್ಳೆಗಳು ಮುಖದ ತುಂಬ ಇದ್ದರೆ ಕ್ಯಾಪ್ಸೂಲಿಗೆ ಅವು ಸುಲಭಕ್ಕೆ ಬಗ್ಗುವುದಿಲ್ಲ. ಅವನ್ನು ಮೊದಲೇ ಸೂಕ್ಷ್ಮ ಸೂಜಿಯಿಂದ ಸುಟ್ಟು ತೆಗೆಯಬೇಕಾಗುತ್ತದೆ.

ಹೆಣ್ಣುಮಕ್ಕಳಲ್ಲಿ ಕೇಳಲೇಬೇಕಾದ ಪ್ರಶ್ನೆ ಮುಟ್ಟಿನದು. 35 ದಿನ ದಾಟಿ ಮುಟ್ಟಾಗುವುದು, ಗದ್ದ-ಮೇಲ್ತುಟಿಯಲ್ಲಿ ಒರಟು ಕೂದಲು, ನೆತ್ತಿಯಲ್ಲಿ ಕೂದಲು ತೆಳುವಾಗುವುದು, ದವಡೆಯ ಗೆರೆಯುದ್ದಕ್ಕೂ ಮೊಡವೆ ಏಳುವುದು, ಇವು ಕೂಡಿದ್ದರೆ ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆ ಇರಬಹುದು. ಇದರಲ್ಲಿ ಅಂಡಾಶಯವೇ ಹೆಚ್ಚು ಆಂಡ್ರೊಜೆನ್ ಸುರಿಸುತ್ತದೆ. ಅದನ್ನು ಪತ್ತೆ ಮಾಡದೆ ಎರಡು ಮೂರು ಕೋರ್ಸ್ ಐಸೊಟ್ರೆಟಿನೊಯಿನ್ ಕೊಟ್ಟರೂ ಮೊಡವೆ ಮರಳುತ್ತಲೇ ಇರುತ್ತದೆ. ಇವರಿಗೆ ಸ್ಪೈರೊನೊಲ್ಯಾಕ್ಟೋನ್ ಅಥವಾ ಹಾರ್ಮೋನ್ (ಗರ್ಭನಿರೋಧಕ) ಗುಳಿಗೆಯಂಥ, ಎತ್ತನ್ನೇ ತಡೆಯುವ ಚಿಕಿತ್ಸೆ ಬೇಕು. "ಮಕ್ಕಳಾಗದಿರೋ ಗುಳಗಿ ಮುಖಕ್ಕ್ಯಾಕ" ಎಂದು ಮನೆಯವರು ತಡೆಯುವುದುಂಟು. ಹಾರ್ಮೋನಿನ ಮೊಡವೆಗೆ ಅದು ಮಾನ್ಯವಾದ ಚಿಕಿತ್ಸೆ.

ಜಿಮ್ಮಿಗೆ ಹೋಗುವವರು ವ್ಹೇ ಪ್ರೋಟೀನ್ ಡಬ್ಬಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಲಿನಿಂದ ತೆಗೆದ ಈ ಪುಡಿ ಇನ್ಸುಲಿನ್ನಿನಂಥ ಬೆಳವಣಿಗೆಯ ಅಂಶಗಳನ್ನು ಏರಿಸಿ ಗ್ರಂಥಿಯನ್ನು ಕೆರಳಿಸಬಲ್ಲದು. ಮೈ ಬೆಳೆಸಲು ಸ್ಟೆರಾಯ್ಡ್ ಇಂಜೆಕ್ಷನ್ ತೆಗೆದುಕೊಂಡರೆ ಮಾತೇ ಮುಗಿಯಿತು. ಎಣ್ಣೆಯ ಬಜಿ, ಶೇಂಗಾ ತಿಂದರೆ ಮೊಡವೆ ಎಂಬುದಕ್ಕೆ ಮಾತ್ರ ಗಟ್ಟಿ ಆಧಾರವಿಲ್ಲ. ಸಕ್ಕರೆ, ಮೈದಾ ಅತಿಯಾದರೆ ಕೆಲವರಲ್ಲಿ ಹೆಚ್ಚುತ್ತದೆ.

ಟ್ಯೂಬಿನ ಮೇಲಿನ ಹೆಸರು ಓದಿ

ಕ್ಯಾಪ್ಸೂಲ್ ನಿಂತ ಮೇಲೆ ಕಲೆ ಉಳಿದಿರುತ್ತದೆ. ಕಲೆಗೆ, ಬಣ್ಣಕ್ಕೆ ಎಂದು ಮೆಡಿಕಲ್‌ನಿಂದ ಒಂದು ಕ್ರೀಮ್ ಬರುತ್ತದೆ. ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೊಲೋನ್: ಈ ನಾಲ್ಕರಲ್ಲಿ ಯಾವ ಹೆಸರು ಟ್ಯೂಬಿನ ಮೇಲಿದ್ದರೂ ಅದು ಸ್ಟೆರಾಯ್ಡ್. ಮೊದಲ ವಾರ ಮುಖ ಹೊಳೆಯುತ್ತದೆ, ಕೆಂಪು ಇಳಿಯುತ್ತದೆ. ಕೆಲವು ವಾರಗಳಲ್ಲಿ ಒಂದೇ ಗಾತ್ರದ ಕೆಂಪು ಗುಳ್ಳೆಗಳು ಏಳುತ್ತವೆ, ಬಿಟ್ಟ ಕೂಡಲೇ ಉರಿದು ಇನ್ನೂ ಹೆಚ್ಚಾಗುತ್ತವೆ, ಹೆದರಿ ಮತ್ತೆ ಹಚ್ಚುತ್ತಾರೆ. ಇದಕ್ಕೆ ಇನ್ನೊಂದು ಕೋರ್ಸ್ ಐಸೊಟ್ರೆಟಿನೊಯಿನ್ ಹುಡುಕುವ ಮೊದಲು ಕ್ರೀಮ್ ಬಿಡಿಸಬೇಕು. ಬಹಳ ದಿನ ಹಚ್ಚಿದವರು ವೈದ್ಯರ ಕಣ್ಣಳತೆಯಲ್ಲಿ ಬಿಡುವುದು ಒಳ್ಳೆಯದು. ಹೆಸರೇ ಇಲ್ಲದ, ಡಬ್ಬಿಯಲ್ಲಿ ತುಂಬಿ ಕೊಡುವ ಬಿಳಿ ಮಾಡುವ ಕ್ರೀಮನ್ನಂತೂ ಮುಖದ ಹತ್ತಿರ ತರಬಾರದು.

ಕೆಲವು ಗುಳಿಗೆಗಳೂ ಮೊಡವೆಯಂಥ ಗುಳ್ಳೆ ಎಬ್ಬಿಸುತ್ತವೆ: ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್, ಮೂರ್ಛೆಗೆ ಕೊಡುವ ಫೆನಿಟಾಯಿನ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ನುಂಗುವ ಸ್ಟೆರಾಯ್ಡ್. ಇವನ್ನು ತಾವಾಗಿ ನಿಲ್ಲಿಸುವ ಹಾಗಿಲ್ಲ, ಟಿಬಿ ಗುಳಿಗೆಯನ್ನಂತೂ ಯಾವ ಕಾರಣಕ್ಕೂ ಅಲ್ಲ. ಚರ್ಮದ ಡಾಕ್ಟರಿಗೆ ಹೇಳಿದರೆ ಸಾಕು.

ಮರಳಿದ್ದು ಮೊಡವೆಯೇ?

ಹಣೆ, ಎದೆ, ಬೆನ್ನಿನ ಮೇಲೆ ಸಾಸಿವೆ ಗಾತ್ರದ, ಎಲ್ಲವೂ ಒಂದೇ ಅಳತೆಯ, ತುರಿಸುವ ಗುಳ್ಳೆ, ಬೆವರಿದರೆ ಹೆಚ್ಚಾಗುವುದು: ಇದು ಬಹಳ ಸಲ ಮಲಸೇಜಿಯ ಎಂಬ ಶಿಲೀಂಧ್ರದ ಸೋಂಕು. ನಮ್ಮ ಬೇಸಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಆ್ಯಂಟಿಬಯಾಟಿಕ್ ಕೊಟ್ಟರೆ ಇದು ಹೆಚ್ಚುತ್ತದೆ, ಶಿಲೀಂಧ್ರದ ಔಷಧಿಗೆ ಇಳಿಯುತ್ತದೆ. ಮೊಡವೆಯಲ್ಲಿ ಕಪ್ಪುತಲೆ, ಬಿಳಿ ಗುಳ್ಳೆ, ಕೆಂಪು ಗಂಟು ಎಲ್ಲ ಬೆರೆತಿರುತ್ತವೆ, ತುರಿಕೆ ಅಷ್ಟಿರುವುದಿಲ್ಲ. ಹಣೆಯ ಕೂದಲಂಚಿನಲ್ಲಿ ಮಾತ್ರ ಸಣ್ಣ ಗುಳ್ಳೆ ಇದ್ದರೆ ತಲೆಗೆ ಹಚ್ಚುವ ಎಣ್ಣೆ ಹಣೆಗೆ ಇಳಿಯುತ್ತಿರಬಹುದು. ಕಪ್ಪು ಅಥವಾ ಕೆಂಪು ಚಪ್ಪಟೆ ಕಲೆ ಮೊಡವೆಯಲ್ಲ. ಅದು ಮಾಸಲು ತಿಂಗಳುಗಳು ಹಿಡಿಯುತ್ತವೆ, ಬಿಸಿಲಿಗೆ ಗಾಢವಾಗುತ್ತದೆ.

ನಿಂತ ಮೇಲೆ ಹಚ್ಚಬೇಕಾದದ್ದು

ಮರಳುವುದನ್ನು ತಡೆಯಲು ನಮ್ಮ ಕೈಯಲ್ಲಿರುವ ಒಳ್ಳೆಯ ಸಾಧನ ಹಚ್ಚುವ ರೆಟಿನಾಯ್ಡ್, ಸಾಮಾನ್ಯವಾಗಿ ಶೇ. 0.1ರ ಅಡಾಪಲೀನ್ ಜೆಲ್. ಇದು ರಂಧ್ರದ ಬಾಯಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಹೆಚ್ಚಿನವರು ಇದನ್ನು ಹಚ್ಚುವುದೇ ಇಲ್ಲ, ಅಥವಾ ತಪ್ಪಾಗಿ ಹಚ್ಚಿ ಉರಿ ಎಂದು ಬಿಡುತ್ತಾರೆ.

ಕ್ಯಾಪ್ಸೂಲ್ ನಿಂತು ತುಟಿ-ಮುಖದ ಒಣಗುವಿಕೆ ಇಳಿದ ಮೇಲೆ, ಅಂದರೆ ಕೆಲವು ವಾರಕ್ಕೆ, ಶುರು ಮಾಡಬಹುದು. ರಾತ್ರಿ ಸೌಮ್ಯ ಫೇಸ್‌ವಾಷ್‌ನಿಂದ ಮುಖ ತೊಳೆದು ಒರೆಸಿ, ಚರ್ಮ ಪೂರ್ತಿ ಆರುವವರೆಗೆ ಹತ್ತು-ಹದಿನೈದು ನಿಮಿಷ ಬಿಡಿ. ಹಸಿ ಚರ್ಮಕ್ಕೆ ಹಚ್ಚಿದರೆ ಉರಿ ಹೆಚ್ಚು. ಒಂದು ಬಟಾಣಿ ಕಾಳಿನಷ್ಟು ಜೆಲ್ ಇಡೀ ಮುಖಕ್ಕೆ ಸಾಕು: ಹಣೆ, ಎರಡು ಕೆನ್ನೆ, ಗದ್ದಕ್ಕೆ ಚುಕ್ಕೆ ಇಟ್ಟು ತೆಳುವಾಗಿ ಹರಡಿ. ಕಣ್ಣು, ತುಟಿಯಂಚು, ಮೂಗಿನ ಮೂಲೆ ಬಿಡಿ. ಎದ್ದ ಗುಳ್ಳೆಯ ಮೇಲೆ ಮಾತ್ರ ಹಚ್ಚಿದರೆ ಕಾಣದೆ ಒಳಗಿರುವವಕ್ಕೆ ಏನೂ ಸಿಗುವುದಿಲ್ಲ. ಮೇಲೆ ಮಾಯಿಶ್ಚರೈಸರ್. ಮೊದಲ ಎರಡು ಮೂರು ವಾರ ದಿನ ಬಿಟ್ಟು ದಿನ, ಆಮೇಲೆ ದಿನಾ. ಬೆಳಿಗ್ಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ಕನಿಷ್ಠ ಒಂದು ವರ್ಷ ಹೀಗೆ ನಡೆಸಬೇಕು, ಏಕೆಂದರೆ ಮರಳುವ ಕಾಲವೂ ಅದೇ.

ಒಂದೆರಡು ಕೆಂಪು ಮೊಡವೆ ಎದ್ದರೆ ಶೇ. 2.5ರ ಬೆಂಜಾಯಿಲ್ ಪೆರಾಕ್ಸೈಡ್ ಸೇರಿಸಬಹುದು. ಇದು ಬಣ್ಣದ ಟವೆಲ್, ದುಪಟ್ಟಾ, ದಿಂಬಿನ ಗವಸು ಎಲ್ಲದರ ಬಣ್ಣ ತಿನ್ನುತ್ತದೆ, ಹಾಗಾಗಿ ಬಿಳಿ ಬಟ್ಟೆ ಬಳಸಿ. ಬರೀ ಕ್ಲಿಂಡಾಮೈಸಿನ್ ಜೆಲ್ಲನ್ನು ತಿಂಗಳುಗಟ್ಟಲೆ ಹಚ್ಚುವುದು ಬೇಡ. ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ.

ಎರಡನೇ ಕೋರ್ಸ್ ಯಾವಾಗ

ಮೊದಲನೆಯದು ನಿಂತ ಮೇಲೆ ಕನಿಷ್ಠ ಎರಡು ತಿಂಗಳು ಕಾಯಬೇಕು. ನಿಂತ ಮೇಲೂ ಚರ್ಮ ಸುಧಾರಿಸುತ್ತಲೇ ಇರುತ್ತದೆ. ಅಲ್ಲೊಂದು ಇಲ್ಲೊಂದು ಎದ್ದರೆ ಜೆಲ್ ಸಾಕು. ಗಂಟು, ಹೊಸ ಗುಂಡಿಕಲೆ ಬೀಳುತ್ತಿದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಬೇಕು. ಎರಡನೇ ಸಲವೂ ಔಷಧಿ ಮೊದಲಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ದೇಹ ಅದಕ್ಕೆ ಒಗ್ಗಿಹೋಗುವುದಿಲ್ಲ. ಯಕೃತ್ತು ಮತ್ತು ಕೊಬ್ಬಿನ ರಕ್ತಪರೀಕ್ಷೆ ಎರಡನೇ ಸಲವೂ ಬೇಕು. ವಿಟಮಿನ್ ಎ ಗುಳಿಗೆ, ಮದ್ಯ ಎರಡೂ ದೂರ ಇರಲಿ. ಮುಖದ ವ್ಯಾಕ್ಸಿಂಗ್ ಬೇಡ, ಚರ್ಮ ಸುಲಿದು ಬರುತ್ತದೆ.

ಒಂದು ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಈ ಔಷಧಿ ಹೊಟ್ಟೆಯಲ್ಲಿರುವ ಮಗುವಿನ ಮೆದುಳು, ಹೃದಯ, ಮುಖದಲ್ಲಿ ತೀವ್ರ ದೋಷ ಉಂಟುಮಾಡುತ್ತದೆ, ಒಂದೇ ಕ್ಯಾಪ್ಸೂಲ್ ಆದರೂ ಅಪಾಯವೇ. ಶುರು ಮಾಡುವ ಒಂದು ತಿಂಗಳ ಮೊದಲಿನಿಂದ ನಿಲ್ಲಿಸಿದ ಒಂದು ತಿಂಗಳವರೆಗೆ ಗರ್ಭ ನಿಲ್ಲಬಾರದು, ಶುರುವಿಗೆ ಮೊದಲು ಗರ್ಭಪರೀಕ್ಷೆ ಆಗಬೇಕು. ಲಗ್ನ ಗೊತ್ತಾಗಿರುವ ಹುಡುಗಿ ತಾರೀಖನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ನಿಲ್ಲಿಸಿ ಒಂದು ತಿಂಗಳಾಗುವವರೆಗೆ ಗಂಡಸರೂ ಹೆಂಗಸರೂ ರಕ್ತದಾನ ಮಾಡುವಂತಿಲ್ಲ, ಅದು ಯಾವ ಗರ್ಭಿಣಿಗೆ ಹೋಗುತ್ತದೋ ಗೊತ್ತಿಲ್ಲ. ಅಡಾಪಲೀನನ್ನೂ ಬಸುರಿನಲ್ಲಿ ಬಿಡಬೇಕು. ಆಗ ಅಜೆಲಾಯಿಕ್ ಆ್ಯಸಿಡ್ ಕ್ರೀಮ್ ಕೊಡುತ್ತಾರೆ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ತೋರಿಸಬಹುದು. ಹೋಗುವಾಗ ಹಳೇ ಚೀಟಿ, ಖಾಲಿ ಸ್ಟ್ರಿಪ್‌ಗಳು, ಹಚ್ಚಿದ ಪ್ರತಿಯೊಂದು ಟ್ಯೂಬು, ಈಗಿನ ತೂಕ, ಕೊನೆಯ ಮುಟ್ಟಿನ ತಾರೀಖು ಜೊತೆಗಿರಲಿ. ಕೋರ್ಸ್ ಅರ್ಧಕ್ಕೆ ನಿಂತಿತ್ತೋ, ಮುಗಿದ ಮೇಲೆ ಮರಳಿತೋ ಎಂಬುದು ಇವುಗಳಿಂದಲೇ ಗೊತ್ತಾಗುತ್ತದೆ.